ಕೈ ತಡೆಯುವ ಜಾಗದಲ್ಲೇ ಕೂರು, ತಮ್ಮಾ

ತಮ್ಮಾ, ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಗಿಟಾರು ಹಿಡಿದ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಕೂತಾಗಲೆಲ್ಲ ಹೇಳುವುದು ಒಂದೇ ಮಾತು: ‘ಮುತ್ಯಾ, ಮೂವತ್ತು ನಲವತ್ತು ಹಾಡು ಬರ್ತಾವ, ಆದ್ರ ಕೈ ಮುಂದಕ್ಕ ಹೋಗವಲ್ದು.’ ಬಾರಿಸಿ ತೋರಿಸು ಎಂದರೆ ಕಾರಣ ತಾನಾಗಿ ಕಾಣುತ್ತದೆ. ಜಿ, ಸಿ, ಡಿ, ಇ ಮೈನರ್ ಎಂಬ ಅವೇ ನಾಲ್ಕು ಕಾರ್ಡು, ಕೆಳಗೆ ಮೇಲೆ ಒಂದೇ ಬಗೆಯ ಸ್ಟ್ರಮ್ಮಿಂಗು. ಎಫ್ ಬರುವ ಹಾಡಾದರೆ ಕಾಪೋ ಹಾಕಿ ಎಫ್ ತಪ್ಪಿಸಿರುತ್ತಾರೆ. ನಡುವೆ ಗಿಟಾರಿನ ಬಿಡಿ ಸ್ವರಗಳ ತುಣುಕು ಬಂದರೆ ಅದನ್ನು ಬಿಟ್ಟು ಮುಂದಿನ ಚರಣಕ್ಕೆ ಹಾರಿರುತ್ತಾರೆ. ನಲವತ್ತು ಹಾಡಿನ ಪಟ್ಟಿ ಇದೆ, ಕೈ ಮಾಡುವ ಕೆಲಸ ಮಾತ್ರ ಎಲ್ಲದರಲ್ಲೂ ಒಂದೇ.

ನಾನು ನಿನಗೆ ಹೇಳಬೇಕೆಂದಿರುವುದು ಇಷ್ಟು. ಈಗ ನಿನ್ನ ಕೈಗೆ ಬಾರದ ಒಂದು ಹಾಡನ್ನು ಆರಿಸಿಕೋ. ಅದರಲ್ಲಿ ಕೈ ತಡೆಯುವ ಎರಡು ಮೂರು ಜಾಗ ಹುಡುಕು. ಆ ಜಾಗದಲ್ಲೇ ಕೂರು. ಕಷ್ಟದ ಹಾಡು ಅಂತ ನಾವು ಹೆದರುವ ಹಾಡಿನ ಬಹುಪಾಲು ನಮಗೆ ಬರುವಂಥದ್ದೇ ಆಗಿರುತ್ತದೆ. ತೊಡಕು ಇರುವುದು ನಾಲ್ಕಾರು ಮಾತ್ರೆಗಳಲ್ಲಿ. ಎರೆಹೊಲದಲ್ಲಿ ಬಂಡಿ ಹೂತಾಗ ಅದನ್ನು ಊರತನಕ ಹಿಂದಕ್ಕೆ ಒಯ್ದು ಮತ್ತೆ ಓಡಿಸಿಕೊಂಡು ಬರುವವರಿಲ್ಲ, ಹೂತ ಗಾಲಿಗೆ ಹೆಗಲು ಕೊಡುತ್ತಾರೆ. ಗಿಟಾರು ಹಿಡಿದವರು ಮಾತ್ರ ತಪ್ಪಿದ ಕೂಡಲೇ ಹಾಡಿನ ಮೊದಲಿಗೆ ಹೋಗಿ, ಬರುವ ಭಾಗವನ್ನೇ ಮತ್ತೆ ಬಾರಿಸಿ, ಅದೇ ಜಾಗದಲ್ಲಿ ಮತ್ತೆ ತಪ್ಪುತ್ತಾರೆ. ಹೀಗೆ ಮಾಡಿದರೆ ತಪ್ಪೇ ರೂಢಿಯಾಗುತ್ತದೆ.

ಕಷ್ಟ ಎಂದರೆ ವೇಗ ಅಂತ ತಿಳಿಯಬೇಡ. ಮೊಬೈಲಿನಲ್ಲಿ ಬರುವ ವಿಡಿಯೋ ನೋಡಿ ಹುಡುಗರ ಮನಸ್ಸಿನಲ್ಲಿ ಹಾಗೆ ಕೂತುಬಿಟ್ಟಿದೆ. ನಿಧಾನದ ಹಾಡೊಂದರಲ್ಲಿ ಹೆಬ್ಬೆರಳು ಕೆಳಸ್ವರ ನಡೆಸುತ್ತ ಉಳಿದ ಬೆರಳು ಹಾಡಿನ ಧಾಟಿ ಹಿಡಿಯುವುದು ಎಷ್ಟೋ ವೇಗದ ತುಣುಕುಗಳಿಗಿಂತ ಕಠಿಣ. ನಾಲ್ಕು ನಿಮಿಷ ಒಂದೇ ಲಯ ಕದಲದ ಹಾಗೆ ಹಿಡಿಯುವುದೂ ಕಠಿಣವೇ. ನಿನ್ನ ಕೈ ಎಲ್ಲಿ ‘ಒಲ್ಲೆ’ ಅನ್ನುತ್ತದೋ ಅದೇ ನಿನ್ನ ಪಾಲಿನ ಕಷ್ಟ. ಇನ್ನೊಬ್ಬನದು ಬೇರೆ ಇರುತ್ತದೆ.

ಹಾಡು ಯಾಕೆ, ಬರೀ ಬೆರಳಿನ ಅಭ್ಯಾಸ ಮಾಡಿದರೆ ಸಾಲದೇ ಅಂತ ಕೇಳಬಹುದು. ಅಭ್ಯಾಸ ಬೇಕು. ಪಲ್ಟಾ ಮಾಡದ ಕೈ ಎಲ್ಲಿಗೂ ಮುಟ್ಟುವುದಿಲ್ಲ. ಆದರೆ ಹಾಡಿಲ್ಲದೆ ಬರೀ ಪಲ್ಟಾ ಮಾಡಿದವನಿಗೆ ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಉಸಿರು ಬಿಡಬೇಕು ಎನ್ನುವುದು ತಿಳಿಯುವುದಿಲ್ಲ. ಹಿಂದಿನವರಿಗೆ ಇದು ಗೊತ್ತಿತ್ತು. ಪುರಂದರದಾಸರು ಸರಳೆ, ಅಲಂಕಾರಗಳ ಜೊತೆಗೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳನ್ನೂ ಕೊಟ್ಟರು. ಕರ್ನಾಟಕ ಸಂಗೀತದ ಮಕ್ಕಳು ಇಂದಿಗೂ ಅವನ್ನೇ ಮೊದಲು ಕಲಿಯುತ್ತಾರೆ. ಗಿಟಾರಿನ ತವರಾದ ಸ್ಪೇನಿನ ಫರ್ನಾಂಡೊ ಸೋರ್ (1778–1839) ಬರೆದ ಪಾಠದ ರಚನೆಗಳನ್ನು ಕಛೇರಿಯಲ್ಲೂ ಬಾರಿಸುತ್ತಾರೆ. ಅವನ ನಂತರ ಬಂದ ಫ್ರಾನ್ಸಿಸ್ಕೊ ಟಾರೆಗಾ (1852–1909) ಅಲಾಂಬ್ರಾ ಅರಮನೆಯ ನೆನಪಿಗೆ ಮಾಡಿದ ಒಂದು ರಚನೆ ಇದೆ. ಹೆಬ್ಬೆರಳು ಕೆಳಗಿನ ತಂತಿಗಳಲ್ಲಿ ನಡೆಯುತ್ತಿರುತ್ತದೆ. ಉಂಗುರದ ಬೆರಳು, ನಡುಬೆರಳು, ತೋರುಬೆರಳು ಒಂದರ ಹಿಂದೊಂದು ಒಂದೇ ತಂತಿಯನ್ನು ಮೀಟಿ ಸ್ವರ ಎಲ್ಲೂ ಕಡಿಯದ ಹಾಗೆ ಮಾಡುತ್ತವೆ. ಆ ಒಂದು ರಚನೆ ಕಲಿತವನ ಬಲಗೈಗೆ ಮೂರೂ ಬೆರಳಿನ ಬಲ ಸಮ ಬರುತ್ತದೆ. ಬರೀ ಅಭ್ಯಾಸವೆಂದು ಅದನ್ನೇ ಮಾಡಹೊರಟರೆ ವಾರಕ್ಕೇ ಬೇಸರ ಹುಟ್ಟುತ್ತದೆ. ಹಾಡಿನ ಆಸೆ ಇರುವುದರಿಂದಲೇ ಕೈ ವರ್ಷಗಟ್ಟಲೆ ಕೂರುತ್ತದೆ.

ನಮ್ಮ ಸೀಮೆಯ ಗವಾಯಿಗಳ ದಾರಿಯೂ ಇದೇ ಆಗಿತ್ತು. ಭೀಮಸೇನ ಜೋಶಿಯವರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಇದ್ದಾಗ ವರ್ಷಗಟ್ಟಲೆ ಮುಖ್ಯವಾಗಿ ಮೂರು ರಾಗ ಕಲಿತರೆಂದು ಹೇಳುತ್ತಾರೆ: ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಮೂರೂ ಸುಲಭದವಲ್ಲ. ಅದರಲ್ಲೂ ತೋಡಿ, ಮುಲ್ತಾನಿ ಎರಡಕ್ಕೂ ಇರುವುದು ಅವೇ ಸ್ವರಗಳು, ನಡಿಗೆ ಮಾತ್ರ ಬೇರೆ. ಮುಲ್ತಾನಿ ಏರುವಾಗ ರಿಷಭ, ಧೈವತ ಎರಡನ್ನೂ ಬಿಡುತ್ತದೆ. ತೋಡಿಯಲ್ಲಿ ಪಂಚಮವನ್ನು ಕೈತಡೆದು ಬಳಸುತ್ತಾರೆ. ಸ್ವರ ಗೊತ್ತಿದ್ದರೆ ರಾಗ ಬಂದಂತಲ್ಲ ಎಂಬ ಪಾಠವನ್ನು ಆ ಎರಡು ರಾಗವೇ ಕಲಿಸುತ್ತವೆ.

ಇದನ್ನು ನಿನ್ನ ಗಿಟಾರಿನ ಮೇಲೂ ನೋಡಬಹುದು. ಐದನೆಯ ತಂತಿಯನ್ನು ಖಾಲಿ ಬಿಟ್ಟು ಅದನ್ನೇ ಷಡ್ಜ ಅಂತ ಇಟ್ಟುಕೋ. ತೋಡಿಯ ಸ್ವರಗಳು 1, 3, 6, 7, 8, 11 ಮತ್ತು 12ನೆಯ ಫ್ರೆಟ್ಟಿನಲ್ಲಿ ಸಿಗುತ್ತವೆ. ಮೂರರಿಂದ ಆರಕ್ಕೆ, ಎಂಟರಿಂದ ಹನ್ನೊಂದಕ್ಕೆ ಬೆರಳು ಚಾಚಬೇಕು. ಆ ಎರಡು ಜಾಗದಲ್ಲಿ ಕಿರುಬೆರಳು ತಕರಾರು ಮಾಡುತ್ತದೆ. ನಾಲ್ಕು ಕಾರ್ಡಿನ ಹಾಡುಗಳಲ್ಲಿ ಕಿರುಬೆರಳಿಗೆ ಕೆಲಸ ಕಡಿಮೆ, ಅದಕ್ಕೇ ಅದು ಸೋಮಾರಿಯಾಗಿದೆ. ಮೊದಲು ಕೋಮಲ ಗಾಂಧಾರದಿಂದ ತೀವ್ರ ಮಧ್ಯಮಕ್ಕೆ ಹೋಗಿ ಬರುವುದನ್ನೇ ಮಾಡು. ಆಮೇಲೆ ಅದೇ ಫ್ರೆಟ್ಟುಗಳಲ್ಲಿ ಮುಲ್ತಾನಿಯ ಏರಿಕೆ ಮಾಡು. ಬೆರಳಿನ ಅಭ್ಯಾಸವೂ ಆಗುತ್ತದೆ, ಕಿವಿಯೂ ತೆರೆಯುತ್ತದೆ.

ಮಲ್ಲಿಕಾರ್ಜುನ ಮನಸೂರರನ್ನು ನೆನೆದಾಗ ನನಗೆ ಇನ್ನೂ ಹೆಚ್ಚು ಗೌರವ ಮೂಡುತ್ತದೆ. ಮಿರಜಿನಲ್ಲಿ ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಗಾಯಕಿ ಕಲಿತು ಹೆಸರು ಮಾಡಿದ ಮೇಲೆ ಅವರು ಮುಂಬಯಿಯಲ್ಲಿ ಮಂಜಿಖಾನರ ಮುಂದೆ ಮತ್ತೆ ಶಿಷ್ಯರಾಗಿ ಕೂತರು. 1937ರಲ್ಲಿ ಮಂಜಿಖಾನರು ತೀರಿಕೊಂಡ ನಂತರ ಅವರ ತಮ್ಮ ಬುರ್ಜಿಖಾನರ ಹತ್ತಿರ ಕಲಿತರು. ಆ ಅಣ್ಣತಮ್ಮಂದಿರ ಜೈಪುರ ಘರಾಣೆಯೆಂದರೆ ಜೋಡು ರಾಗಗಳ, ಅಪರೂಪದ ರಾಗಗಳ ಮನೆತನ. ಜನ ಒಪ್ಪಿದ ಗವಾಯಿ, ಬರುವುದನ್ನೇ ಹಾಡಿಕೊಂಡು ಇರಬಹುದಾಗಿತ್ತು. ಬಾರದ್ದನ್ನು ಹುಡುಕಿಕೊಂಡು ಹೋದರು. ನಾಲ್ಕು ಕಾರ್ಡಿನಲ್ಲೇ ಚಪ್ಪಾಳೆ ಸಿಗುತ್ತಿದೆಯಲ್ಲ ಅಂತ ಅನಿಸಿದಾಗ ಈ ಹಿರಿಯರನ್ನು ನೆನೆದುಕೋ.

ಹಾಡು ಆರಿಸುವುದರಲ್ಲಿ ವಿವೇಕ ಬೇಕು. ಪ್ರತಿ ಮಾತ್ರೆಗೂ ಕೈ ತಡೆಯುವ ಹಾಡನ್ನು ಈಗ ಮುಟ್ಟಬೇಡ, ಹೆಸರು ಬರೆದಿಟ್ಟುಕೊಂಡು ಬರುವ ವರ್ಷಕ್ಕೆ ಬಿಡು. ಕೇಳಿದ ಕೂಡಲೇ ಅರ್ಧಕ್ಕಿಂತ ಹೆಚ್ಚು ಬಾರಿಸಬಲ್ಲೆ, ಆದರೆ ಎರಡು ಮೂರು ಕಡೆ ಬೆರಳಿಗೆ ಗೊಂದಲ ಆಗುತ್ತದೆ ಎನ್ನುವಂಥದ್ದು ಸರಿಯಾದ ಹಾಡು. ಇನ್ನೊಂದು, ಆ ಹಾಡು ನಿನಗೆ ಪ್ರಾಣದಷ್ಟು ಇಷ್ಟವಿರಬೇಕು. ಗೆಳೆಯನ ಎದುರು ಮೆರೆಯಲು ಆರಿಸಿದ ಹಾಡು ಅರ್ಧಕ್ಕೇ ನಿಲ್ಲುತ್ತದೆ.

ನನ್ನನ್ನು ಕೇಳಿದರೆ ಕನ್ನಡದವರಿಗೆ ಇಳಯರಾಜರಿಂದ ಶುರುಮಾಡು ಅನ್ನುತ್ತೇನೆ. ನಾವು ಜಾತ್ರೆ ಜಾತ್ರೆಗೆ ರಸಮಂಜರಿ ಕಾರ್ಯಕ್ರಮ ಕೊಡುತ್ತಿದ್ದ ಕಾಲದಲ್ಲಿ ಗಿಟಾರಿನವನ ಯೋಗ್ಯತೆ ತಿಳಿಯುತ್ತಿದ್ದದ್ದು ಅವರ ಹಾಡಿನಲ್ಲೇ. ಅವರು ಸ್ವತಃ ಗಿಟಾರು ಬಾರಿಸುವವರು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಕ್ಲಾಸಿಕಲ್ ಗಿಟಾರಿನ ಪರೀಕ್ಷೆ ಪಾಸಾದವರು. ಹೆಸರು ಬರುವ ಮುಂಚೆ ನಮ್ಮ ಜಿ.ಕೆ. ವೆಂಕಟೇಶರ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದರು. ಶಂಕರನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಇವೆರಡರ ಹಾಡುಗಳನ್ನು ಕಿವಿಗೆ ಇಯರ್‌ಫೋನು ಹಾಕಿಕೊಂಡು ಕೇಳು. ಹಾಡುಗಾರರನ್ನು ಬಿಟ್ಟು ಗಿಟಾರನ್ನೇ ಹಿಂಬಾಲಿಸು. ಬೇಸ್ ಗಿಟಾರು ಸುಮ್ಮನೆ ಕಾರ್ಡಿನ ಮೂಲಸ್ವರ ಹೊಡೆಯುತ್ತ ಕೂರುವುದಿಲ್ಲ, ತನ್ನದೇ ಒಂದು ಹಾಡು ಹಾಡುತ್ತಿರುತ್ತದೆ. ಮೊದಲು ಕಾರ್ಡು ಹಿಡಿ. ಆಮೇಲೆ ಆ ಬೇಸಿನ ನಡಿಗೆಯನ್ನು ನಿನ್ನ ಹೆಬ್ಬೆರಳಿಗೆ ತಾ. ಕಾರ್ಡು ಹಿಡಿದುಕೊಂಡೇ ಹೆಬ್ಬೆರಳು ನಡೆಯಬೇಕು. ಒಂದು ಹಾಡು ಹೀಗೆ ಮಾಡಿದರೆ ನಿನ್ನ ಬಲಗೈ ಬೇರೆ ಮನುಷ್ಯನ ಕೈಯಾಗುತ್ತದೆ.

ಕಲಿಯುವ ಕ್ರಮ ಹೇಳುತ್ತೇನೆ. ಗಿಟಾರು ಮುಟ್ಟುವ ಮೊದಲು ಹಾಡನ್ನು ಬಾಯಿಪಾಠ ಮಾಡು. ಗಿಟಾರಿನ ತುಣುಕನ್ನೂ ಬಾಯಲ್ಲಿ ಹಾಡು, ನಾ ನಾ ಅಂತಲಾದರೂ ಸರಿ. ಬಾಯಿಗೆ ಬಾರದ್ದು ಬೆರಳಿಗೆ ಬರುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡು. ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣಿರಲಿಲ್ಲ. ಅವರ ಹತ್ತಿರ ಕಲಿತ ಎಷ್ಟೋ ಮಕ್ಕಳಿಗೂ ಕಣ್ಣಿರಲಿಲ್ಲ. ಪುಟ್ಟರಾಜರು ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ಬಾರಿಸುತ್ತಿದ್ದರು. ಎಲ್ಲ ವಿದ್ಯೆ ಕಿವಿಯಿಂದ ಒಳಗೆ ಹೋದದ್ದು. ನೀನು ಕಣ್ಣಿಂದ ಟ್ಯಾಬು ನೋಡಿ ಕಲಿಯುತ್ತೀ. ಮೊಬೈಲಿನಲ್ಲಿ ಸಿಗುವ ಟ್ಯಾಬುಗಳಲ್ಲಿ ತಪ್ಪುಗಳು ಬಹಳ. ಟ್ಯಾಬು ಒಂದು ಹೇಳಿ ಕಿವಿ ಒಂದು ಹೇಳಿದರೆ ಕಿವಿಯನ್ನೇ ನಂಬು. ವಿಡಿಯೋವನ್ನು ಅರ್ಧ ವೇಗಕ್ಕೆ ಇಳಿಸುವ ಸೌಕರ್ಯ ಈಗ ಎಲ್ಲರ ಕೈಯಲ್ಲೂ ಇದೆ. ನಾವು ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ ಟೇಪು ಸವೆಸುತ್ತಿದ್ದೆವು. ನಿನಗೆ ಸಿಕ್ಕಿರುವ ಸೌಕರ್ಯವನ್ನು ಪೂರ್ತಿ ಬಳಸಿಕೋ.

ತಡೆಯುವ ಜಾಗ ಸಿಕ್ಕಿತು ಅಂದುಕೋ. ಅದಕ್ಕೆ ಹಿಂದೆ ಒಂದು ಸ್ವರ, ಮುಂದೆ ಒಂದು ಸ್ವರ ಸೇರಿಸಿ ಕತ್ತರಿಸಿಕೋ. ಮೆಟ್ರೊನೋಮನ್ನು ಅರವತ್ತಕ್ಕೆ ಇಡು. ಅರವತ್ತಕ್ಕೂ ತಪ್ಪಿದರೆ ನಲವತ್ತಕ್ಕೆ ಇಳಿಸು, ಅದರಲ್ಲಿ ಅವಮಾನ ಇಲ್ಲ. ಮೊದಲು ಎಡಗೈ ಮಾತ್ರ, ತಂತಿ ಮೀಟದೆ. ಆಮೇಲೆ ಬಲಗೈ ಮಾತ್ರ, ಖಾಲಿ ತಂತಿಯ ಮೇಲೆ. ಎರಡೂ ಬೇರೆ ಬೇರೆಯಾಗಿ ಬಂದ ಮೇಲೆ ಕೂಡಿಸು. ಕೂಡಿಸಿದಾಗ ಮತ್ತೆ ತಪ್ಪಿದರೆ ಎರಡು ಕೈಗೂ ಸಮಯ ಹೊಂದುತ್ತಿಲ್ಲ ಅಂತ ಅರ್ಥ. ಬೆರಳಿಗೆ ಬಲ ಸಾಲದು ಅಂತ ಒತ್ತಲು ಹೋಗಬೇಡ. ಗಿಟಾರಿನಲ್ಲಿ ಬಲ ಬೇಕಾಗುವುದು ಬಹಳ ಕಡಿಮೆ. ಬೆರಳನ್ನು ಫ್ರೆಟ್ಟಿನ ಕಂಬಿಯ ಸಮೀಪಕ್ಕೆ ತಂದರೆ ಸ್ವಲ್ಪ ಒತ್ತಿದರೂ ಸ್ವರ ತಿಳಿಯಾಗಿ ಬರುತ್ತದೆ. ದಿನಕ್ಕೆ ಅರ್ಧ ತಾಸು ತಪ್ಪದೆ ಕೂತರೆ ಸಾಕು. ವಾರವಿಡೀ ಬಿಟ್ಟು ರವಿವಾರ ಇಡೀ ದಿನ ಕೂತರೆ ಕೈ ನೋವು ಬರುತ್ತದೆ, ವಿದ್ಯೆ ಬರುವುದಿಲ್ಲ.

‘ಎಫ್ ಹತ್ತವಲ್ದು’ ಅಂತ ಅಳುವವರಿಗೆ ಪ್ರತ್ಯೇಕವಾಗಿ ಹೇಳಬೇಕು. ಒಂದನೆಯ ಫ್ರೆಟ್ಟಿನ ಎಫ್ ಬಾರ್ ಕಾರ್ಡುಗಳಲ್ಲೇ ಕಠಿಣ, ಯಾಕೆಂದರೆ ಆ ಜಾಗ ನಟ್ಟಿಗೆ ತೀರ ಹತ್ತಿರ, ಅಲ್ಲಿ ತಂತಿ ಒತ್ತಲು ಬಿಗಿ. ಅದೇ ಆಕಾರವನ್ನು ಮೊದಲು ಐದನೆಯ ಫ್ರೆಟ್ಟಿನಲ್ಲಿ ಹಿಡಿ, ಅದು ಎ ಆಗುತ್ತದೆ. ಅಲ್ಲಿ ಆರೂ ತಂತಿ ತಿಳಿಯಾಗಿ ನುಡಿದ ಮೇಲೆ ನಾಲ್ಕಕ್ಕೆ, ಮೂರಕ್ಕೆ, ಕೊನೆಗೆ ಒಂದಕ್ಕೆ ಇಳಿ. ತೋರುಬೆರಳನ್ನು ಚಪ್ಪಟೆ ಇಡದೆ ಹೆಬ್ಬೆರಳಿನ ಕಡೆಗೆ ಸ್ವಲ್ಪ ಹೊರಳಿಸು. ಇಷ್ಟಾದ ಮೇಲೂ ಬಾರದಿದ್ದರೆ ನಿನ್ನ ಗಿಟಾರನ್ನು ಪರೀಕ್ಷೆ ಮಾಡಿಸು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರ ಇದೆ ಅಂತ ಸ್ಕೇಲು ಇಟ್ಟು ನೋಡು. ಎರಡು, ಎರಡೂವರೆ ಮಿಲಿಮೀಟರು ಇದ್ದರೆ ಸರಿ. ನಾಲ್ಕು ಇದ್ದರೆ ಯಾವ ಉಸ್ತಾದನ ಬೆರಳೂ ಅಲ್ಲಿ ಸೋಲುತ್ತದೆ. ಅಗ್ಗದ ಗಿಟಾರುಗಳು ಬಹಳಷ್ಟು ಹೀಗೇ ಬರುತ್ತವೆ. ಕಲಬುರಗಿಗೋ ಹೈದರಾಬಾದಿಗೋ ಹೋದಾಗ ತೋರಿಸಿ ಸ್ಯಾಡಲ್ ಉಜ್ಜಿಸಿ ತಗ್ಗಿಸು. ಹನ್ನೆರಡರ ದಪ್ಪದ ತಂತಿ ತೆಗೆದು ಹತ್ತರದ್ದು ಹಾಕಿಸು. ಕೈ ಸರಿಯಿಲ್ಲ, ನನ್ನ ಹಣೆಯಲ್ಲಿ ಸಂಗೀತ ಬರೆದಿಲ್ಲ ಅಂತ ಗಿಟಾರು ಬಿಟ್ಟ ಮಕ್ಕಳನ್ನು ನೋಡಿದ್ದೇನೆ. ದೋಷ ಇದ್ದದ್ದು ಒಂದು ತುಂಡು ಪ್ಲಾಸ್ಟಿಕ್ಕಿನಲ್ಲಿ. ಇದಕ್ಕಾಗಿ ಒಂದು ಮಗುವೂ ಸಂಗೀತ ಬಿಡಬಾರದು.

ನಮ್ಮ ಬಿಸಿಲಿನ ಬಗ್ಗೆಯೂ ಎಚ್ಚರ ಇರಲಿ. ಏಪ್ರಿಲ್ ಮೇನಲ್ಲಿ ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ತಗಡಿನ ಮನೆಯಲ್ಲಿ ಗೋಡೆಗೆ ನೇತುಹಾಕಿದ ಗಿಟಾರಿನ ಕತ್ತು ಬಾಗುತ್ತದೆ, ಅಂಟು ಬಿಡುತ್ತದೆ. ಬಸ್ಸಿನ ಡಿಕ್ಕಿಯಲ್ಲಿ ಹಾಕಬೇಡ. ಕಲ್ಲುಹಾಸಿನ ಮಾಳಿಗೆ ಮನೆಯಾದರೆ ಕೆಳಗಿನ ತಂಪು ಖೋಲಿಯಲ್ಲಿ ಚೀಲದೊಳಗೆ ಇಡು. ಬಾರಿಸಿದ ಮೇಲೆ ಬೆವರು ಒರೆಸು, ಇಲ್ಲದಿದ್ದರೆ ತಿಂಗಳಲ್ಲೇ ತಂತಿ ಜಂಗು ಹಿಡಿಯುತ್ತದೆ. ಬೆಳಗಿನ ಜಾವ ರಿಯಾಜಿಗೆ ಕೂತರೆ ಬೆರಳೂ ಜಾರುವುದಿಲ್ಲ.

ತಂಗಿ, ನಿನಗೊಂದು ಮಾತು. ಕೈ ಸಣ್ಣದು, ಬೆರಳು ಗಿಡ್ಡ, ಕಷ್ಟದ ಹಾಡು ನಿನಗಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಸಣ್ಣ ಅಳತೆಯ ಗಿಟಾರು ಸಿಗುತ್ತದೆ. ಇದ್ದ ಗಿಟಾರಿನಲ್ಲೇ ಎರಡು ಮೂರನೆಯ ಫ್ರೆಟ್ಟಿಗೆ ಕಾಪೋ ಹಾಕಿದರೂ ಫ್ರೆಟ್ಟುಗಳ ಅಂತರ ಕಡಿಮೆಯಾಗುತ್ತದೆ. ಹತ್ತಿ ಬಿಡಿಸಿ ಒರಟಾದ ಬೆರಳೂ ಅಡ್ಡಿಯಲ್ಲ. ಯಾರ ಕೈಯಾದರೂ ಸರಿ, ಮಣಿಕಟ್ಟು ಜೋಮು ಹಿಡಿದರೆ, ಸೆಳೆತ ಬಂದರೆ ಅಂದಿಗೆ ನಿಲ್ಲಿಸು. ಬೆರಳತುದಿಯ ಉರಿ ಬೇರೆ, ತುದಿ ಕೆಲವು ವಾರಕ್ಕೆ ಗಟ್ಟಿಯಾಗುತ್ತದೆ. ಮಣಿಕಟ್ಟಿನ ನೋವನ್ನು ತಡೆದುಕೊಂಡು ಬಾರಿಸಬಾರದು.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ಗಿಟಾರಿನ ಕಠಿಣ ಹಾಡು ಬೇಕೆಂದರೆ ಹುಡುಗರು ಇಂಗ್ಲಿಷ್ ರಾಕ್ ಹಾಡು ಹುಡುಕುತ್ತಾರೆ. ಅದೂ ಒಳ್ಳೆಯದೇ. ಆದರೆ ನಿನ್ನ ಓಣಿಯ ಗುಡಿಯಲ್ಲಿ ಅಮಾವಾಸ್ಯೆಯ ರಾತ್ರಿ ಹಾಡುವ ತತ್ವಪದ ಗಿಟಾರಿಗೆ ಅದಕ್ಕಿಂತ ಕಡಿಮೆ ಕಠಿಣವಲ್ಲ. ನಮ್ಮದು ಪದಗಳ ಸೀಮೆ. ನೆರೆಯ ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರು, ಅವರ ಪರಂಪರೆಯ ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು ಇವರ ಪದ ಹಾಡದ ಭಜನಾ ಮಂಡಳಿ ಈ ಕಡೆ ಸಿಗುವುದು ಅಪರೂಪ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರರ ನೆಲೆ ಇದೆ. ದಾಸರಲ್ಲಿ ಸುರಪುರದ ಆನಂದದಾಸರು ಇದ್ದಾರೆ. ಮೊಹರಂ ಬಂದರೆ ಹೆಜ್ಜೆ ಮೇಳದ ಪದಗಳು. ಇಷ್ಟು ಸಂಪತ್ತು ಬಾಗಿಲಿಗೇ ಇರುವಾಗ ಅದರ ಒಂದು ಪದವೂ ಗಿಟಾರಿನ ಮೇಲೆ ಬಾರದಿರುವುದು ನನಗೆ ನೋವಿನ ಸಂಗತಿ.

ಪದ ಗಿಟಾರಿಗೆ ಯಾಕೆ ಕಠಿಣ? ಗಾಯಕನ ಕಂಠ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗುತ್ತದೆ. ಗಿಟಾರಿನಲ್ಲಿ ಫ್ರೆಟ್ಟು ಅಡ್ಡ ಬರುತ್ತವೆ. ಈ ಕಾರಣಕ್ಕೇ ಬ್ರಿಜ್ ಭೂಷಣ್ ಕಾಬ್ರಾ ಅವರು ಗಿಟಾರನ್ನು ಮಡಿಲಲ್ಲಿ ಮಲಗಿಸಿ ತಂತಿಯ ಮೇಲೆ ಸರಳು ಜಾರಿಸಿ ಹಿಂದೂಸ್ತಾನಿ ಬಾರಿಸಿದರು. ವಿಶ್ವಮೋಹನ ಭಟ್ಟರು ಅದೇ ದಾರಿಯಲ್ಲಿ ಮೋಹನವೀಣೆ ಮಾಡಿದರು. ನೀನು ಹಾಗೆ ಮಾಡಬೇಕಿಲ್ಲ. ಫ್ರೆಟ್ಟಿನ ಗಿಟಾರಿನಲ್ಲೇ ಬೆರಳು ಜಾರಿಸು, ತಂತಿ ಎಳೆ, ಒಂದು ಮೀಟಿನಲ್ಲಿ ಎರಡು ಮೂರು ಸ್ವರ ತೆಗೆ. ಐದನೆಯ ಫ್ರೆಟ್ಟಿನ ಆಚೆ ತಂತಿ ಎಳೆಯುವುದು ಸುಲಭ, ಈಚೆಗೆ ಜಾರಿಸುವುದೇ ವಾಸಿ. ಅಕೂಸ್ಟಿಕ್ ಗಿಟಾರಿನ ಮೂರನೆಯ ತಂತಿಗೆ ಸಾಮಾನ್ಯವಾಗಿ ಸುತ್ತು ಇರುವುದರಿಂದ ಅದು ಎಳೆದಷ್ಟು ಏರುವುದಿಲ್ಲ, ಎಳೆಯುವ ಸ್ವರಗಳನ್ನು ಎರಡನೆಯ ತಂತಿಗೆ ತಂದುಕೋ. ಎಳೆದ ತಂತಿ ಬೇಕಾದ ಸ್ವರಕ್ಕೆ ಸರಿಯಾಗಿ ಮುಟ್ಟಿತೋ ಇಲ್ಲವೋ ಎಂಬುದನ್ನು ಹಾರ್ಮೋನಿಯಂ ಒತ್ತಿ ಪರೀಕ್ಷಿಸು. ಮಾತಿಲ್ಲದೆ ಬರೀ ಗಿಟಾರು ಕೇಳಿ ನಿಮ್ಮ ಅಜ್ಜಿ ‘ಇದು ಇಂಥಾ ಪದ’ ಅಂತ ಗುರುತಿಸಿದರೆ ನೀನು ಪಾಸಾದಂತೆ.

ಶ್ರುತಿಗೆ ಒಂದು ಉಪಾಯ ಇದೆ. ಆರನೆಯ ತಂತಿಯನ್ನು ಇ ಇಂದ ಡಿಗೆ ಇಳಿಸು. ಆಗ ಕೆಳಗಿನ ಮೂರು ತಂತಿ ಡಿ, ಎ, ಡಿ, ಅಂದರೆ ಷಡ್ಜ, ಪಂಚಮ, ಷಡ್ಜ. ಏಕತಾರಿಯ ಕೆಲಸವನ್ನು ಹೆಬ್ಬೆರಳು ಮಾಡುತ್ತದೆ. ಪದದ ಧಾಟಿಯನ್ನು ಮೇಲಿನ ಮೂರು ತಂತಿಯಲ್ಲಿ ಬಾರಿಸು, ನಡುಷಡ್ಜ ಎರಡನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಸಿಗುತ್ತದೆ. ಇದು ಹಾರ್ಮೋನಿಯಂನ ಬಿಳಿ ಎರಡು. ಹಾಡುವವರು ಕಾಳಿ ಎರಡರಲ್ಲಿ, ಅಂದರೆ ಎರಡನೆಯ ಕಪ್ಪು ಮನೆಯಲ್ಲಿ ಹಾಡಿದರೆ ಒಂದನೆಯ ಫ್ರೆಟ್ಟಿಗೆ ಕಾಪೋ ಹಾಕು. ಕಾಳಿ ಒಂದಾದರೆ ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿಕೋ. ಹೆಬ್ಬೆರಳು ಕದಲದೆ ಶ್ರುತಿ ಹಿಡಿದು ಉಳಿದ ಬೆರಳು ಬೇರೆ ಲಯದಲ್ಲಿ ಧಾಟಿ ನಡೆಸುವುದಕ್ಕೆ ಬಹಳ ಅಭ್ಯಾಸ ಬೇಕು. ಟಾರೆಗಾನ ರಚನೆ ಕೇಳುವ ಹೆಬ್ಬೆರಳೂ ಇಂಥದ್ದೇ, ಇಳಯರಾಜರ ಬೇಸು ಕೇಳುವ ಹೆಬ್ಬೆರಳೂ ಇಂಥದ್ದೇ.

ಲಯದ ಗುರುವೂ ಭಜನೆಯಲ್ಲೇ ಇದ್ದಾನೆ. ತಬಲಾ ಅಥವಾ ಢೋಲಕ ಬಾರಿಸುವ ಕಾಕಾನ ಪಕ್ಕ ಕೂರು. ಎಂಟು ಮಾತ್ರೆಯ ಭಜನಿ ಠೇಕಾ ನಿಧಾನಕ್ಕೆ ಶುರುವಾಗಿ, ಪದ ಮುಗಿಯುವ ಹೊತ್ತಿಗೆ ದುಗುನಿಗೆ ಏರುತ್ತದೆ. ಆ ಏರಿಕೆಯನ್ನು ಮೆಟ್ರೊನೋಮು ಕಲಿಸಲಾರದು. ಒಂದೊಂದು ಪದ ಬಹಳ ಹೊತ್ತು ನಡೆಯುವುದರಿಂದ ಮಣಿಕಟ್ಟು ಬಿಗಿ ಹಿಡಿದವನ ಕೈ ನಡುವೆಯೇ ಸೋಲುತ್ತದೆ. ಸಡಿಲ ಬಿಟ್ಟವನು ಉಳಿಯುತ್ತಾನೆ. ಹಾಡುವವರು ಶ್ರುತಿ ಬದಲಿಸಿದಾಗ ಕಾಪೋ ಹಾಕಲು ಸಮಯ ಸಿಗುವುದಿಲ್ಲ, ಆಗ ಬಾರ್ ಕಾರ್ಡು ಕೈಹಿಡಿಯುತ್ತವೆ. ಎ ಆಕಾರದ ಬಾರ್ ನಾಲ್ಕನೆಯ ಫ್ರೆಟ್ಟಿನಲ್ಲಿ ಕಾಳಿ ಒಂದು, ಆರನೆಯದರಲ್ಲಿ ಕಾಳಿ ಎರಡು. ಎಫ್ ಜೊತೆ ನೀನು ಪಟ್ಟ ಪಾಡು ಇಲ್ಲಿ ಫಲ ಕೊಡುತ್ತದೆ.

ಗಿಟಾರಿನಲ್ಲಿ ಪದ ಹಾಡಿದರೆ ಯಾರು ಕೇಳುತ್ತಾರೆ ಅಂತ ಅನುಮಾನ ಇದ್ದರೆ ರಘು ದೀಕ್ಷಿತರನ್ನು ನೋಡು. 2008ರ ಅವರ ಮೊದಲ ಆಲ್ಬಮ್ಮಿನಲ್ಲೇ ಶಿಶುನಾಳ ಶರೀಫರ ಪದ ಇತ್ತು. ಗಿಟಾರು ಹಿಡಿದು ಆ ಪದಗಳನ್ನು ಹೊರದೇಶದ ವೇದಿಕೆಗಳಲ್ಲೂ ಹಾಡಿದರು. ಶರೀಫರಿಗೆ ಆದದ್ದು ಮಡಿವಾಳಪ್ಪನವರಿಗೂ ಆಗಲಿ. ಮಾಡಬೇಕಾದವರು ಈ ನೆಲದ ನೀವೇ.

ಇನ್ನೊಬ್ಬರ ಹಾಡು ಚೂರೂ ಬಿಡದೆ ಕಲಿತ ಮೇಲೆ ಮುಂದೇನು ಎನ್ನುವುದಕ್ಕೆ ಅಮೆರಿಕದ ವೆಸ್ ಮಾಂಟ್‌ಗೊಮೆರಿಯ (1923–1968) ಕಥೆ ಹೇಳುತ್ತೇನೆ. ಗುರುವಿಲ್ಲದ ಅವನು ಚಾರ್ಲಿ ಕ್ರಿಶ್ಚಿಯನ್ ಎಂಬ ಗಿಟಾರಿಸ್ಟನ ಸೋಲೊಗಳನ್ನು ರೆಕಾರ್ಡು ಕೇಳಿ ಕೇಳಿ ಸ್ವರ ಬಿಡದೆ ಕಲಿತ. ಅದರ ಬಲದಿಂದಲೇ ಊರಿನ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿತು. ಆದರೆ ಮೊದಮೊದಲು ಆ ಸೋಲೊಗಳು ಮುಗಿದರೆ ಬೇರೇನೂ ಬಾರಿಸಲು ಬರುತ್ತಿರಲಿಲ್ಲವಂತೆ. ಅಲ್ಲಿಗೇ ನಿಲ್ಲದೆ, ಕಲಿತದ್ದನ್ನು ಬಿಡಿಸಿ ತನ್ನದು ಮಾಡಿಕೊಂಡ. ಪಿಕ್ ಬಿಟ್ಟು ಹೆಬ್ಬೆರಳಿನಲ್ಲೇ ಬಾರಿಸಿ ಜಾಝ್ ಗಿಟಾರಿಗೆ ಹೊಸ ನಾದ ಕೊಟ್ಟ. ನೀನೂ ಕಲಿತ ತುಣುಕನ್ನು ಬೇರೆ ಶ್ರುತಿಗೆ ಒಯ್ದು ನೋಡು, ಬೇರೆ ತಂತಿಯಲ್ಲಿ ಬಾರಿಸು, ಅದೇ ಜಾಡಿನಲ್ಲಿ ನಿನ್ನದೊಂದು ಸಾಲು ಕಟ್ಟು. ಹಾಗೆ ಮಾಡದಿದ್ದರೆ ಕಷ್ಟದ ಹಾಡು ಕೂಡ ಪಟ್ಟಿಯಲ್ಲಿ ಇನ್ನೊಂದು ಹೆಸರಾಗಿ ಉಳಿಯುತ್ತದೆ.

‘ಸುಮಾರಾಗಿ ಬಂತು’ ಅಂದಲ್ಲಿಗೆ ಹಾಡು ಬಿಡಬೇಡ. ಮೊಬೈಲಿನಲ್ಲಿ ರೆಕಾರ್ಡು ಮಾಡಿ ಮರುದಿನ ಕೇಳು, ಬಾರಿಸುವಾಗ ಕೇಳದ ತಪ್ಪು ಆಗ ಕೇಳಿಸುತ್ತದೆ. ತಿಂಗಳು ಎರಡು ತಿಂಗಳು ಹಿಡಿದರೆ ಹಿಡಿಯಲಿ. ವರ್ಷಕ್ಕೆ ಇಂಥ ಮೂರು ನಾಲ್ಕು ಹಾಡು ಸಾಕು. ನಡುನಡುವೆ ನಾಲ್ಕು ಕಾರ್ಡಿನ ಹಾಡನ್ನೂ ಗೆಳೆಯರ ಜೊತೆ ಹಾಡು, ಸಂತೋಷವೂ ಬೇಕಲ್ಲ. ಮನೆಯಲ್ಲಿ ಬಂದ ಹಾಡು ಜನರ ಮುಂದೆ ಬರುವುದಿಲ್ಲ ಎನ್ನುವುದೂ ನಿಜ. ವೇದಿಕೆ ಹತ್ತಿದರೆ ಕೈ ಲಯ ಬಿಟ್ಟು ತಾನಾಗಿ ಓಡುತ್ತದೆ. ಅದಕ್ಕೆ ಜನರ ನಡುವೆ ಕೂತು ಬಾರಿಸುವುದಲ್ಲದೆ ಬೇರೆ ಮದ್ದಿಲ್ಲ.

ಬರುವ ಅಮಾವಾಸ್ಯೆಗೆ ನಿನ್ನ ಓಣಿ ಮಂಡಳಿಯ ಹಿರಿಯರಿಗೆ ನಮಸ್ಕಾರ ಮಾಡಿ, ‘ಒಂದು ಪದಕ್ಕೆ ನಾನೂ ಕೂಡ್ತೀನ್ರಿ’ ಅಂತ ಕೇಳು. ಯಾವ ಪದ, ಯಾವ ಕಾಳಿ ಅಂತ ಮೊದಲೇ ತಿಳಿದುಕೊಂಡು, ಅದರಲ್ಲಿ ಕೈ ತಡೆಯುವ ಜಾಗವನ್ನು ಇವತ್ತಿನಿಂದಲೇ ಹಿಡಿ.